ಒಂಬತ್ತನೇ ಮೆಟ್ಟಿಲಿನ ಸಂದು

ಮೆಟ್ಟಿಲು ಹತ್ತುವ ಕುರ್ಚಿಗೆ ಅತ್ತೆ ಒಪ್ಪಿಕೊಂಡಾಗ ಒಂದೇ ಒಂದು ಷರತ್ತು ಹಾಕಿದ್ದರು.

"ಒಂದು ಸಲ ಕೈಕೊಟ್ರೆ ಮುಗೀತು. ಬಿಚ್ಚಿ ನಿಮ್ಮ ಕಾರ್ಖಾನೆಗೇ ಹೊತ್ಕೊಂಡು ಹೋಗ್ಬೇಕು. ನಾನು ಮೇಲಿನ ರೂಮಿಗೆ ಬೀಗ ಹಾಕ್ತೀನಿ."

ಮೇಲಿನ ರೂಮೆಂದರೆ ಅವರ ಹೊಲಿಗೆಯ ಕೋಣೆ. ಉತ್ತರದ ಗೋಡೆಯಲ್ಲಿ ದೊಡ್ಡ ಕಿಟಕಿ, ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ ಯಂತ್ರ, ಬಟ್ಟೆ ಕತ್ತರಿಸಲು ಎರಡು ಬಾಗಿಲು ಜೋಡಿಸಿದಷ್ಟು ಅಗಲದ ಮೇಜು. ಆ ಮೇಜನ್ನು ಕೋಣೆಯೊಳಗೇ ಕೂತು ಬಡಗಿ ಮಾಡಿದ್ದು; ಕೆಳಗಿಳಿಸಬೇಕೆಂದರೆ ಗೋಡೆ ಒಡೆಯಬೇಕು. ಅತ್ತೆ ಕೋಟು ಹೊಲಿಯುವವರು. ಕೋಟಿಗೆ ಆ ಮೇಜೇ ಬೇಕು, ಆ ಬೆಳಕೇ ಬೇಕು. ರೂಮಿಗೆ ಬೀಗ ಎಂದರೆ ಕೆಲಸಕ್ಕೇ ಬೀಗ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹಾಕಿದ ಷರತ್ತು.

ಇವರು ನನ್ನ ಅಪ್ಪನ ಅಕ್ಕ. ಕೆಲಸ ಸಿಕ್ಕಿದಾಗಿನಿಂದ ನಾನು ಅವರ ಮನೆಯಲ್ಲೇ ಇದ್ದೇನೆ. ಹೋದ ವರ್ಷ ಅವರ ಸೊಂಟದ ಕೀಲು ಸವೆದು ಹೋಯಿತು. ಐದು ತಿಂಗಳು ಅವರು ಹದಿನಾಲ್ಕು ಮೆಟ್ಟಿಲುಗಳನ್ನು ಕೂತುಕೊಂಡೇ, ಹಿಮ್ಮುಖವಾಗಿ, ಒಂದೊಂದಾಗಿ ಏರುತ್ತಿದ್ದರು. ಟೇಪು ಕುತ್ತಿಗೆಯಲ್ಲಿ, ಸೂಜಿಗಳು ಬ್ಲೌಸಿನ ಅಂಚಿನಲ್ಲಿ. ನಾನು ಕೆಲಸ ಮಾಡುವುದು ಇಂಥ ಕುರ್ಚಿಗಳನ್ನು ತಯಾರಿಸುವ ಒಂದು ಸಣ್ಣ ಕಂಪನಿಯಲ್ಲಿ. ಕುರ್ಚಿಯೊಳಗಿನ ಪ್ರೋಗ್ರಾಂ ಬರೆಯುತ್ತೇನೆ. ಆದರೂ ಅವರನ್ನು ಒಪ್ಪಿಸಲು ಐದು ತಿಂಗಳು ಹಿಡಿಯಿತು. "ನೀನು ಮಾಡಿದ್ದು ಅಂತಾನೇ ನಂಗೆ ಭಯ. ನಿನ್ನ ಗುಂಡಿಗಳನ್ನೇ ನೀನು ಸರಿಯಾಗಿ ಹಾಕ್ಕೊಳಲ್ಲ" ಎಂದಿದ್ದರು.

ಆ ಕುರ್ಚಿ ಎಂಟು ತಿಂಗಳು ಒಂದು ಸಲವೂ ಕೈಕೊಟ್ಟಿರಲಿಲ್ಲ. ಕೈಕೊಟ್ಟಿದ್ದು ಒಂದು ಶನಿವಾರ, ಬೆಳಿಗ್ಗೆ ಹತ್ತೂಕಾಲಿಗೆ, ಒಂಬತ್ತನೇ ಮೆಟ್ಟಿಲಿನ ಮೇಲೆ, ಅತ್ತೆ ಕೂತಿರುವಾಗಲೇ.

ಅದಕ್ಕೆ ಹಿಂದಿನ ಮೂರು ವಾರ ನಾನು ಮಾಡಿದ್ದು ಒಂದೇ ಕೆಲಸ. ನಮ್ಮ ಪ್ರೋಗ್ರಾಮರುಗಳ ಮುಖ್ಯಸ್ಥರಿಗೆ ಕಾರ್ಖಾನೆಯಲ್ಲಿ ಸೊನ್ನೆ ಸರ್ ಎಂದು ಹೆಸರು. ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಆಗಾಗ ವಾರ್ನಿಂಗ್ ಕೊಡುತ್ತದೆ: ಇಲ್ಲೇನೋ ಅನುಮಾನ ಇದೆ, ನೋಡಿಕೊಳ್ಳಿ ಎಂದು. ಅಂಥ ವಾರ್ನಿಂಗುಗಳು ಸೊನ್ನೆ ಇರಬೇಕೆಂಬುದು ಅವರ ಹಟ. ನಾನು ಸೇರಿದಾಗ ಮುನ್ನೂರ ಹನ್ನೆರಡು ಇದ್ದವು. ಎಲ್ಲವೂ ಒಂದೇ ಜಾತಿಯವು: "ಈ ವೇರಿಯಬಲ್ಲನ್ನು ಯಾರೂ ಬಳಸಿಲ್ಲ."

ಯಾಕೆಂದರೆ, ಪ್ರೋಗ್ರಾಂ ಬರೆಯುವಾಗ ಒಳಗೆ ಏನಾಗುತ್ತಿದೆ ಎಂದು ತಿಳಿಯಲು ನಡುನಡುವೆ ಮಾತಾಡುವ ಸಾಲುಗಳನ್ನು ಸೇರಿಸುತ್ತೇವೆ. ಮೋಟರು ಇಷ್ಟು ಬಿಸಿ, ವೇಗ ಇಷ್ಟು ಎಂದು ಅವು ಪರದೆಗೆ ಬರೆಯುತ್ತವೆ. ಇಂಥ ಸಾಲುಗಳನ್ನು ಡೀಬಗ್ ಮ್ಯಾಕ್ರೋ ಎಂಬ ಒಂದು ಆವರಣದೊಳಗೆ ಹಾಕುವುದು ರೂಢಿ. ನಮ್ಮ ಮೇಜಿನ ಮೇಲೆ ಪರೀಕ್ಷಿಸುವಾಗ ಆವರಣದೊಳಗಿರುವುದೆಲ್ಲ ಕೆಲಸ ಮಾಡುತ್ತದೆ. ಜನರ ಮನೆಗೆ ಹೋಗುವ ಪ್ರೋಗ್ರಾಮನ್ನು ತಯಾರಿಸುವಾಗ ಒಂದು ಸ್ವಿಚ್ ಬದಲಾಯಿಸುತ್ತೇವೆ; ಆವರಣ ಖಾಲಿಯಾಗುತ್ತದೆ, ಒಳಗಿದ್ದುದೆಲ್ಲ ಬರೆದೇ ಇರಲಿಲ್ಲವೆಂಬಂತೆ ಮಾಯ. ಬರೀ ಆ ಮಾತಿಗೆಂದೇ ಅಂಕಿ ತುಂಬಿಟ್ಟುಕೊಂಡಿದ್ದ ಡಬ್ಬಿ, ಅಂದರೆ ವೇರಿಯಬಲ್, ಹೊರಗೆ ಒಂಟಿಯಾಗಿ ಉಳಿಯುತ್ತದೆ. ಕಂಪೈಲರ್ ಅದನ್ನು ನೋಡಿ ಗೊಣಗುತ್ತದೆ.

ಗೊಣಗಾಟ ನಿಲ್ಲಿಸಲು ಎರಡು ದಾರಿ. ವೇರಿಯಬಲ್ಲಿನ ಹೆಸರಿನ ಹಿಂದೆ ವಾಯ್ಡ್ ಎಂದು ಬರೆಯುವುದು ಒಂದು. ಗೊತ್ತಿದ್ದೇ ಬಳಸಿಲ್ಲ, ನೀನು ಸುಮ್ಮನಿರು ಎಂದು ಅದರರ್ಥ. ವೇರಿಯಬಲ್ಲನ್ನೇ ತೆಗೆದುಹಾಕುವುದು ಇನ್ನೊಂದು. ಮೊದಲನೆಯದು ನನಗೆ ಕೊಳಕಾಗಿ ಕಾಣುತ್ತಿತ್ತು. ಬೇಡದ ಸಾಮಾನಿಗೆ ಚೀಟಿ ಅಂಟಿಸಿ ಮನೆಯಲ್ಲೇ ಇಟ್ಟುಕೊಂಡಂತೆ. ನಾನು ತೆಗೆಯುವವಳು. ಮೂರನೇ ವಾರದ ಶುಕ್ರವಾರ ಪರದೆಯ ಕೆಳಗೆ ಸೊನ್ನೆ ಬಂತು. ಸೊನ್ನೆ ಸರ್ ನನ್ನ ಕುರ್ಚಿಯ ಹಿಂದೆ ನಿಂತು ಅದನ್ನು ಸುಮಾರು ಹೊತ್ತು ನೋಡಿದರು. "ಚೆನ್ನಾಗಿದೆ" ಎಂದು ಹೋದರು. ಅವರು ಅದಕ್ಕಿಂತ ಹೆಚ್ಚು ಹೇಳಿದ್ದನ್ನು ಯಾರೂ ಕೇಳಿಲ್ಲ.

ಪ್ರೋಗ್ರಾಂ ಬದಲಾದಾಗ ತುಂಬುವ ಒಂದು ಫಾರಂ ಇದೆ. ಅದರಲ್ಲೊಂದು ಸಾಲು: "ಕುರ್ಚಿಯ ವರ್ತನೆಯಲ್ಲಿ ಬದಲಾವಣೆ: ಇದೆ / ಇಲ್ಲ." ಇದೆ ಎಂದರೆ ಗೋದಾಮಿನಲ್ಲಿ ಕುರ್ಚಿ ಹತ್ತಿಳಿಯುವ ಮೂರು ತುಂಡಿನ ಉದ್ದನೆಯ ಕಂಬಿ ಜೋಡಿಸಿ ಪೂರ್ತಿ ಪರೀಕ್ಷೆ ಮಾಡಬೇಕು; ಅದಕ್ಕೆ ಅರ್ಧ ದಿನ ಬೇಕು. ಇಲ್ಲ ಎಂದರೆ ಪರೀಕ್ಷಕರು ತಮ್ಮ ಕೋಣೆಯ ಗಿಡ್ಡ ಕಂಬಿಯ ಮೇಲೆ ಹನ್ನೆರಡು ಸಲ ಹತ್ತಿಳಿಸಿ ಸಹಿ ಮಾಡುತ್ತಾರೆ. ಹತ್ತಿಳಿಯುವುದು ಎಂಬತ್ತು ಕಿಲೋದ ಮರಳುಮೂಟೆ. ಕಾರ್ಖಾನೆಯಲ್ಲಿ ಎಲ್ಲರೂ ಅದನ್ನು ಅಜ್ಜಿ ಎನ್ನುತ್ತಾರೆ. ನಾನು ಇಲ್ಲ ಎಂಬುದಕ್ಕೆ ಗುರುತು ಹಾಕಿದೆ. ಬರೀ ವಾರ್ನಿಂಗು ತೆಗೆದದ್ದು ತಾನೇ. ಸಂಜೆ ಪರೀಕ್ಷಕರು ಬಾಗಿಲಲ್ಲಿ ತಲೆ ಹಾಕಿ, "ಅಜ್ಜಿ ಆರಾಮಾಗಿ ಹತ್ತಿಳಿದ್ರು" ಎಂದರು. ನಮ್ಮ ಮನೆಯದು ಕಂಪನಿಯ ಮೊದಲ ಕುರ್ಚಿಯಾದ್ದರಿಂದ ಹೊಸ ಪ್ರೋಗ್ರಾಂ ಮೊದಲು ಬರುವುದು ಇಲ್ಲಿಗೇ. ಸೋಮವಾರ ಇನ್ನೂ ಇಪ್ಪತ್ತಾರು ಮನೆಗಳಿಗೆ.

ಶನಿವಾರ ಬೆಳಿಗ್ಗೆ ಅತ್ತೆ ಸ್ನಾನಕ್ಕೆ ಹೋದಾಗ ಕೇಬಲ್ ಚುಚ್ಚಿ ಹೊಸದನ್ನು ಹಾಕಿದೆ. ಎರಡು ನಿಮಿಷದ ಕೆಲಸ. ಒಮ್ಮೆ ನಾನೇ ಕೂತು ಮೇಲೆ ಹೋಗಿ ಬರಬಹುದಿತ್ತು. ವರ್ತನೆ ಬದಲಾಗಿಲ್ಲವಲ್ಲ, ಒಲೆಯ ಮೇಲೆ ಹಾಲಿತ್ತು.

"ನಿಂತ್ಬಿಡ್ತು ಕಣೇ" ಎಂದು ಮೇಲಿನಿಂದ ಅತ್ತೆಯ ದನಿ ಕೇಳಿದಾಗ ನಾನು ಲೋಟ ತೊಳೆಯುತ್ತಿದ್ದೆ.

ಹೋಗಿ ನೋಡಿದೆ. ಅತ್ತೆ ಬೆಲ್ಟು ಕಟ್ಟಿಕೊಂಡು, ತೊಡೆಯ ಮೇಲೆ ಒಂದು ಕಪ್ಪು ಕೋಟು ಮಡಚಿಟ್ಟುಕೊಂಡು, ಗೋಡೆಗೆ ಬೆನ್ನು ಮಾಡಿ ಗಾಳಿಯಲ್ಲಿ ಕೂತಿದ್ದರು. ಕಾಲು ಹಲಗೆಯ ಮೇಲೆ ಎರಡೂ ಪಾದ ಜೋಡಿಸಿದ್ದರು, ಬಸ್ಸಿನಲ್ಲಿ ಕೂತವರ ಹಾಗೆ.

"ಗುಂಡಿ ಒತ್ತಿದ್ರಾ?"

"ಒತ್ತೇ ಇಲ್ಲೀವರೆಗೆ ಬಂದಿದ್ದು."

ಇನ್ನೊಮ್ಮೆ ಒತ್ತಿಸಿದೆ. ಒಳಗೆ ಟಿಕ್ ಎಂದಿತು, ಅಷ್ಟೇ.

"ಕರೆಂಟ್ ಹೋಯ್ತೇನೋ" ಎಂದರು ಅತ್ತೆ.

ಈ ಕುರ್ಚಿ ಬ್ಯಾಟರಿಯಲ್ಲಿ ನಡೆಯುತ್ತದೆ. ಕರೆಂಟು ಹೋದರೂ ಏನೂ ಆಗುವುದಿಲ್ಲ. ಅದು ಅವರಿಗೆ ಗೊತ್ತಿರಲಿಲ್ಲ. ಕರೆಂಟು ಹೋಗುವುದು ಯಾರ ತಪ್ಪೂ ಅಲ್ಲ, ಷರತ್ತಿನ ಲೆಕ್ಕಕ್ಕೂ ಬರುವುದಿಲ್ಲ.

"ಇರ್ಬೇಕು" ಎಂದೆ.

ಅತ್ತೆ ಕೋಟಿನ ಕಾಲರನ್ನು ಬೆರಳಿನಿಂದ ನೀವಿದರು. ನಾನು ಲ್ಯಾಪ್‌ಟಾಪ್ ತಂದು ಎಂಟನೇ ಮೆಟ್ಟಿಲ ಮೇಲೆ ಕೂತೆ. ನನ್ನ ತಲೆಯ ಹತ್ತಿರ ಅವರ ಪಾದ. ಕುರ್ಚಿಯ ಕೆಳಗೆ ಒಂದು ಸಣ್ಣ ಕೆಂಪು ದೀಪವಿದೆ. ಅದು ಎರಡು ಸಲ ಮಿಣುಕಿ, ನಿಂತು, ಮತ್ತೆ ಎರಡು ಸಲ ಮಿಣುಕುತ್ತಿತ್ತು. ಮೋಟರನ್ನು ನಡೆಸುವ ಎಲೆಕ್ಟ್ರಾನಿಕ್ ಚಿಪ್ಪು ತಾನಾಗಿ ಕೆಲಸ ನಿಲ್ಲಿಸಿದೆ ಎಂದು ಅದರರ್ಥ.

ಆ ಚಿಪ್ಪಿಗೊಂದು ಅಭ್ಯಾಸವಿದೆ. ಭಾರ ಇದ್ದಕ್ಕಿದ್ದಂತೆ ಹೆಚ್ಚಾದರೆ ಅದು ತರಗತಿಯ ಹುಡುಗನಂತೆ ಕೈ ಎತ್ತುತ್ತದೆ. ಪ್ರೋಗ್ರಾಂ ಬಂದು ಏನಪ್ಪಾ ನಿನ್ನ ಸ್ಥಿತಿ ಎಂದು ಕೇಳಿದರೆ ಕೈ ಇಳಿಸುತ್ತದೆ. ಅದರ ಉತ್ತರವನ್ನು ಯಾರೂ ಬಳಸಬೇಕಾಗಿಲ್ಲ, ಕೇಳಿದರೆ ಸಾಕು. ಯಾರೂ ಕೇಳದೆ, ಎತ್ತಿದ ಕೈ ಎತ್ತಿದಂತೆಯೇ ಇರುವಾಗ ಎರಡನೇ ಸಲ ಭಾರ ಬಿದ್ದರೆ, ಮೋಟರನ್ನೇ ನಿಲ್ಲಿಸಿಬಿಡುತ್ತದೆ. ಹತ್ತುವುದೋ ಇಳಿಯುವುದೋ ಮುಗಿದು ತುದಿಯಲ್ಲಿ ನಿಂತಾಗ ಮಲಗುತ್ತದೆ. ಎದ್ದಾಗ ಹಿಂದಿನದೆಲ್ಲ ಮರೆತಿರುತ್ತದೆ.

ಭಾರ ಹೆಚ್ಚಾಗುವುದು ಕಂಬಿಯ ಎರಡು ತುಂಡುಗಳು ಸೇರುವ ಸಂದಿನಲ್ಲಿ. ಚಕ್ರ ಅಲ್ಲಿ ಕಟಕ್ ಎಂದು ಹಾರುತ್ತದೆ. ಪರೀಕ್ಷಕರ ಗಿಡ್ಡ ಕಂಬಿಯಲ್ಲಿ ಒಂದೇ ಸಂದು. ನಮ್ಮ ಮನೆಯ ಕಂಬಿಯಲ್ಲಿ ಮೂರು ತುಂಡು, ಎರಡು ಸಂದು. ಐದನೇ ಮೆಟ್ಟಿಲಿಗೊಂದು, ಒಂಬತ್ತನೆಯದಕ್ಕೊಂದು.

ಹಾಗಾದರೆ ಐದನೇ ಮೆಟ್ಟಿಲಿನಲ್ಲಿ ಎತ್ತಿದ ಕೈಯನ್ನು ಯಾರೂ ಇಳಿಸಿಲ್ಲ. ಇಳಿಸಬೇಕಾಗಿದ್ದ ಸಾಲನ್ನು ಹುಡುಕಿದೆ. ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಳೆಯ ಪ್ರೋಗ್ರಾಮಿನಲ್ಲಿ ಅಲ್ಲಿ ಎರಡು ಸಾಲುಗಳಿದ್ದವು. ಚಿಪ್ಪಿನ ಸ್ಥಿತಿ ಕೇಳಿ ಉತ್ತರವನ್ನು ಒಂದು ವೇರಿಯಬಲ್ಲಿನಲ್ಲಿ ಇಡು ಎಂದು ಒಂದು ಸಾಲು. ಆ ವೇರಿಯಬಲ್ಲನ್ನು ಡೀಬಗ್ ಮ್ಯಾಕ್ರೋ ಮೂಲಕ ಪರದೆಗೆ ಬರೆ ಎಂದು ಇನ್ನೊಂದು. ಮ್ಯಾಕ್ರೋ ಖಾಲಿಯಾದಾಗ ವೇರಿಯಬಲ್ ಬೇಡವಾಗುತ್ತಿತ್ತು, ಕಂಪೈಲರ್ ಗೊಣಗುತ್ತಿತ್ತು, ಆದರೆ ಕೇಳುವ ಕೆಲಸ ಮಾತ್ರ ನಡೆದೇ ನಡೆಯುತ್ತಿತ್ತು. ನಾನು ಎರಡು ಸಾಲುಗಳನ್ನು ಒಂದಾಗಿಸಿದ್ದೆ. ವೇರಿಯಬಲ್ ತೆಗೆದು, ಕೇಳುವುದನ್ನೇ ಮ್ಯಾಕ್ರೋದ ಆವರಣದೊಳಗೆ ಇಟ್ಟಿದ್ದೆ. ನೋಡಲು ಲಕ್ಷಣವಾಗಿತ್ತು. ನನ್ನ ಮೇಜಿನ ಮೇಲೆ, ಮ್ಯಾಕ್ರೋ ತುಂಬಿರುವಾಗ, ಸರಿಯಾಗಿಯೇ ನಡೆದಿತ್ತು. ಮನೆಗೆ ಬರುವಾಗ ಆವರಣ ಖಾಲಿಯಾಯಿತು. ಮಾತಿನ ಜೊತೆ ಕೇಳುವುದೂ ಹೋಯಿತು.

ಅದೇ ಮೆಟ್ಟಿಲ ಮೇಲೆ ಕೂತು ಮ್ಯಾಕ್ರೋದ ಹೆಸರು ಹಾಕಿ ಫೈಲುಗಳನ್ನೆಲ್ಲ ಜಾಲಾಡಿದೆ. ಹದಿಮೂರು ಕಡೆ ಹೀಗೇ ಮಾಡಿದ್ದೆ. ಹನ್ನೆರಡರಲ್ಲಿ ನಷ್ಟವಿಲ್ಲ.

"ಅತ್ತೆ, ಕರೆಂಟ್ ಇದೆ."

"ಗೊತ್ತು. ಫ್ರಿಜ್ಜು ಸದ್ದು ಮಾಡ್ತಾನೇ ಇದೆ. ನೀನು ಯಾವಾಗ ಹೇಳ್ತೀಯಾ ಅಂತ ಕಾಯ್ತಿದ್ದೆ."

ನಾನು ಪರದೆಯನ್ನೇ ನೋಡುತ್ತಿದ್ದೆ.

"ತಪ್ಪು ಕುರ್ಚಿದಾ, ನಿಂದಾ?"

"ನಂದು. ಬೆಳಿಗ್ಗೆ ಹೊಸ ಪ್ರೋಗ್ರಾಂ ಹಾಕ್ದೆ."

"ನನಗೆ ಹೇಳ್ದೇನೇ?"

"ಹೂಂ. ಏನೂ ಬದಲಾಗಿಲ್ಲ ಅಂದ್ಕೊಂಡಿದ್ದೆ. ನೀವು ಕಚ್ಚಾ ಹೊಲಿಗೆ ಹಾಕಿ ಆಮೇಲೆ ತೆಗೀತೀರಲ್ಲ, ಹಾಗೇನೇ. ನಾವೂ ಕೆಲಸಕ್ಕೆ ಅಂತ ಕೆಲವು ಸಾಲು ಹಾಕಿರ್ತೀವಿ, ಮುಗಿದ್ಮೇಲೆ ತೆಗೀತೀವಿ. ಅದರ ಜೊತೆ ಒಂದು ಬೇಕಾದ್ದೂ..."

"ಹಾಗೇನೇ ಅಲ್ಲ." ಅತ್ತೆ ಕೋಟಿನ ತೋಳನ್ನು ಎತ್ತಿ ತೋರಿಸಿದರು. ಭುಜದ ಸುತ್ತ ಬಿಳಿ ದಾರದ ಉದ್ದುದ್ದ ಹೊಲಿಗೆ ಇತ್ತು. "ಇದನ್ನ ನಾನು ಒಂದೊಂದೇ ಬಿಚ್ತೀನಿ. ಒಂದು ಕೈಯಲ್ಲಿ ಬಟ್ಟೆ ಹಿಡ್ಕೊಂಡಿರ್ತೀನಿ, ಜಾರುತ್ತೋ ಏನೋ ಅಂತ. ನೀನು ಹಿಡ್ಕೊಂಡಿದ್ಯಾ?"

"ಇಲ್ಲ."

"ಮತ್ತೆ? ನನ್ನ ಕೆಲಸನ ಇದರಲ್ಲಿ ಎಳೀಬೇಡ."

ಸೊನ್ನೆ ಸರ್‌ಗೆ ಫೋನ್ ಮಾಡಿದೆ. ಎರಡೂ ಕೈ ಲ್ಯಾಪ್‌ಟಾಪಿನ ಮೇಲಿದ್ದುದರಿಂದ ಸ್ಪೀಕರಿಗೆ ಹಾಕಿ ಮೆಟ್ಟಿಲ ಮೇಲಿಟ್ಟೆ. ಅತ್ತ ಕಡೆ ಕತ್ತರಿಯ ಕಚಕಚ ಕೇಳುತ್ತಿತ್ತು.

"ಹೇಳಮ್ಮ. ಕ್ಷೌರದಂಗಡೀಲಿದೀನಿ, ಅರ್ಧ ಆಗಿದೆ."

"ಸರ್, ಮನೆ ಕುರ್ಚಿ ನಿಂತಿದೆ. ಎರಡನೇ ಸಂದು. ಎರಡು ಮಿಣುಕು."

"ಜನ ಇದಾರಾ ಮೇಲೆ?"

"ಅತ್ತೆ ಇದಾರೆ."

"ಆರಾಮಾಗಿದಾರಾ?"

"ನಿಮ್ಮದೇ ಕುರ್ಚಿ, ಆರಾಮಾಗೇ ಇದೀನಿ" ಎಂದರು ಅತ್ತೆ. "ನೋಟ ಚೆನ್ನಾಗಿದೆ. ಬಲ್ಬಿನ ಮೇಲೆ ಎಷ್ಟು ಧೂಳಿದೆ ಅಂತ ಈಗ ಗೊತ್ತಾಯ್ತು."

ನಾನು ಹೇಳಬೇಕಾದ್ದನ್ನು ಹೇಳಿದೆ.

"ಮೋಟರ್ ಫೈಲಲ್ಲಿ ಸ್ಥಿತಿ ಓದೋದನ್ನ ಡೀಬಗ್ ಮ್ಯಾಕ್ರೋ ಒಳಗೆ ಹಾಕ್ಬಿಟ್ಟಿದೀನಿ ಸರ್. ಮನೆಗೆ ಬರೋ ರಿಲೀಸಲ್ಲಿ ಓದ್ತಾನೇ ಇಲ್ಲ."

ಕತ್ತರಿಯ ಸದ್ದು ನಿಂತಿತು. ಅವರು ಕೈ ಎತ್ತಿ ನಿಲ್ಲಿಸಿರಬೇಕು.

"ಓದಿದ್ರೇನೇ ಅದು ಇಳಿಯೋದು."

"ಈಗ ಗೊತ್ತಾಯ್ತು ಸರ್."

"ಆ ಎರಡು ಸಾಲು ಬರೆದೋನು ನಾನೇ. ಯಾಕೆ ಅಂತ ಪಕ್ಕದಲ್ಲಿ ಒಂದು ಮಾತು ಬರೆದಿಡ್ಬೇಕಿತ್ತು."

"ಬರೆದಿರ್ಲಿಲ್ಲ ಸರ್."

"ಗೊತ್ತಮ್ಮ." "ಸೋಮವಾರ ಇಪ್ಪತ್ತಾರು ಮನೆಗೆ ಹೋಗೋದಿತ್ತಲ್ಲ."

"ನಿಲ್ಸಿಬಿಡಿ ಸರ್. ಫಾರಂ ನಾನು ವಾಪಸ್ ತಗೋತೀನಿ. ಬದಲಾವಣೆ ಇದೆ ಅಂತ ಬರೆದು ಬೇರೆ ಕೊಡ್ತೀನಿ."

"ಸರಿ. ಈಗ ಹಳೇ ಪ್ರೋಗ್ರಾಮನ್ನೇ ಹಾಕು. ಅಲ್ಲಿ ಕೂತ್ಕೊಂಡು ಹೊಸದಾಗಿ ಏನೂ ತಿದ್ದೋಕೆ ಹೋಗ್ಬೇಡ. ಅವರು ಕೂತಿರೋವಾಗ ಹಳೇದನ್ನೂ ಹಾಕ್ಬೇಡ. ಮೊದಲು ಹಿಡಿಕೆ ತಿರುಗಿಸಿ ಅವರನ್ನ ಇಳಿಸು." ಅತ್ತ ಕಡೆ ಕ್ಷೌರಿಕ ಏನೋ ಕೇಳಿದ. "ಇಲ್ಲಪ್ಪ, ನಿಂಗಲ್ಲ ಹೇಳಿದ್ದು, ನೀನು ಮುಂದುವರಿಸು" ಎಂದು ಫೋನಿಟ್ಟರು.

ಅತ್ತೆ ನಗು ತಡೆದುಕೊಂಡಿದ್ದು ಕಾಲು ಹಲಗೆ ಅಲುಗಿದ್ದರಿಂದ ತಿಳಿಯಿತು.

"ಅತ್ತೆ, ಷರತ್ತು..."

"ಷರತ್ತಿನ ಮಾತು ಆಮೇಲೆ. ಅದೇನು ಹಿಡಿಕೆ?"

ಪ್ರತಿ ಕುರ್ಚಿಯ ಜೊತೆಗೂ ಒಂದು ಕಬ್ಬಿಣದ ಹಿಡಿಕೆ ಕೊಡುತ್ತೇವೆ. ಕುರ್ಚಿಯ ಮಗ್ಗುಲಿನ ತೂತಿಗೆ ಅದನ್ನು ಸಿಕ್ಕಿಸಿದರೆ ಮೋಟರು ಬಿಟ್ಟುಕೊಳ್ಳುತ್ತದೆ. ಕೈಯಿಂದ ತಿರುಗಿಸಿ ಕುರ್ಚಿಯನ್ನು ಮೇಲಕ್ಕೋ ಕೆಳಕ್ಕೋ ಒಯ್ಯಬಹುದು. ನಮ್ಮದು ಎಲ್ಲಿದೆ ಎಂದು ನನಗೆ ನೆನಪಿರಲಿಲ್ಲ. ಅಟ್ಟದ ಮೇಲೆ, ಕುರ್ಚಿ ಬಂದ ರಟ್ಟಿನ ಪೆಟ್ಟಿಗೆಯಲ್ಲಿ, ಪ್ಲಾಸ್ಟಿಕ್ಕನ್ನೂ ಬಿಚ್ಚದೆ ಬಿದ್ದಿತ್ತು. ಹುಡುಕಿ ತರಲು ಇಪ್ಪತ್ತು ನಿಮಿಷವಾಯಿತು. ಅಷ್ಟರಲ್ಲಿ ಅತ್ತೆ ಸೂಜಿಗೆ ದಾರ ಪೋಣಿಸಿ ಕಾಲರಿನ ಒಳಗಡೆ ಹೊಲಿಯಲು ಶುರು ಮಾಡಿದ್ದರು.

"ಒಂದು ಮೆಟ್ಟಿಲಿಗೆ ಅರವತ್ತು ಸುತ್ತು. ಕೆಳಗೆ ಹೋಗೋಕೆ ಒಂಬತ್ತು ಮೆಟ್ಟಿಲು, ಆದರೆ ಹಗುರ. ಕೆಳಗೇ ಹೋಗೋಣ ಅಲ್ವಾ?"

"ಮೇಲಕ್ಕೆಷ್ಟು?"

"ಐದು."

"ಮೇಲಕ್ಕೆ ತಿರುಗಿಸು."

"ಮೇಲೆ ಹೋದ್ರೆ ಮತ್ತೆ ಇಳಿಯೋಕೆ ಇದೇ ಕುರ್ಚಿ ಬೇಕು ಅತ್ತೆ."

"ನಾಲ್ಕು ಗಂಟೆಗೆ ಕಹಳೆಯವನು ಬರ್ತಾನೆ, ಕೋಟು ಹಾಕಿ ನೋಡೋಕೆ. ಬ್ಯಾಂಡಿನ ಕೋಟಿದು. ಇದನ್ನ ಅಡುಗೆಮನೇಲಿ ಕೂತು ಮುಗಿಸ್ಲಾ? ಮೇಲಕ್ಕೆ ಅಂದೆ."

ತಿರುಗಿಸಿದೆ. ಮೊದಲ ಮೆಟ್ಟಿಲಿಗೇ ಮುಂಗೈ ನೋಯತೊಡಗಿತು. ಅತ್ತೆ ಎಪ್ಪತ್ತೆರಡು ಕಿಲೋ; ಕುರ್ಚಿ ಬೇರೆ. ಕುರ್ಚಿ ಬೆರಳಗಲ ಬೆರಳಗಲವಾಗಿ ಏರುತ್ತಿತ್ತು, ಅತ್ತೆ ಹೊಲಿಯುತ್ತಲೇ ಇದ್ದರು.

"ಮೂರು ವಾರದಿಂದ ವಾರ್ನಿಂಗು ವಾರ್ನಿಂಗು ಅಂತಿದ್ಯಲ್ಲ, ಎಷ್ಟು ತೆಗೆದೆ?"

"ಮುನ್ನೂರ ಹನ್ನೆರಡು."

"ಇಲ್ಲಿ ಮುನ್ನೂರು ಸುತ್ತು. ಒಂದೊಂದಕ್ಕೆ ಒಂದೊಂದು. ಹನ್ನೆರಡು ಬಾಕಿ ಇಟ್ಕೋ, ಆಮೇಲೆ ನೋಡೋಣ."

"ನಗಿಸ್ಬೇಡಿ ಅತ್ತೆ, ಕೈ ಜಾರತ್ತೆ."

"ಹಳೇದ್ರಲ್ಲಿ ಅಷ್ಟೂ ವಾರ್ನಿಂಗು ಇತ್ತು, ಎಂಟು ತಿಂಗಳು ಓಡ್ತು. ತೆಗೆದೆ, ಅವತ್ತೇ ನಿಂತ್ಹೋಯ್ತು. ನೀನು ಮಾಡಿದ್ದು ಏನಂತ ಇನ್ನೊಂದ್ಸಲ ಹೇಳು, ಕೇಳ್ತೀನಿ."

ನಾನು ಇನ್ನೊಂದು ಸಲ ಹೇಳಿದೆ, ತಿರುಗಿಸುತ್ತಲೇ, ಏದುಸಿರಿನಲ್ಲಿ. ಈ ಸಲ ಚಿಪ್ಪು, ಮ್ಯಾಕ್ರೋ ಏನೂ ಇಲ್ಲದೆ ಹೇಳಿದೆ. ಒಬ್ಬ ದಿನಾ ಬಾಗಿಲಲ್ಲಿ ನಿಂತು ಹೇಗಿದ್ದೀಯ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋಗುತ್ತಿದ್ದ. ಉತ್ತರ ಯಾರಿಗೂ ಬೇಕಿಲ್ಲವಲ್ಲ ಎಂದು ನಾನು ಅವನು ಬರುವುದನ್ನೇ ನಿಲ್ಲಿಸಿದೆ.

ಅತ್ತೆ ದಾರ ಕಚ್ಚಿ ತುಂಡು ಮಾಡಿದರು. "ನಿಮ್ಮಪ್ಪ ಫೋನ್ ಮಾಡ್ತಾನಲ್ಲ, ಹಂಗೆ" ಎಂದರು.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಮೇಲೆ ತಲುಪಿದೆವು. ಅತ್ತೆ ಕೋಲು ಹಿಡಿದು ಎದ್ದು, ಕಿಟಕಿಯ ಪರದೆ ಸರಿಸಿ, ಮೇಜಿನ ಮೇಲೆ ಕೋಟು ಹರಡಿದರು. ನಾನು ಹಳೆಯ ಪ್ರೋಗ್ರಾಂ ಹಾಕಿದೆ. ಕೆಂಪು ದೀಪ ಆರಿ ಹಸಿರು ಬಂತು. ಕೂತು ಕೆಳಗೆ ಹೋಗಿ ಮೇಲೆ ಬಂದೆ. ಎರಡೂ ಸಂದುಗಳಲ್ಲಿ ಕಟಕ್ ಎಂದಿತು, ನಿಲ್ಲಲಿಲ್ಲ.

"ಆಯ್ತು ಅತ್ತೆ."

"ಏನಾಯ್ತು? ನೀನು ಐವತ್ತು ಕಿಲೋ ಇಲ್ಲ. ನಿಮ್ಮ ಕಾರ್ಖಾನೇಲಿ ಅದೇನೋ ಮೂಟೆ ಕೂರಿಸ್ತೀರಲ್ಲ."

"ಅಜ್ಜಿ."

"ಇವತ್ತು ನೀನೇ ಅಜ್ಜಿ."

ಇಸ್ತ್ರಿ ಪೆಟ್ಟಿಗೆ ಆರು ಕಿಲೋ. ಗುಂಡಿಗಳ ಡಬ್ಬ ಮೂರು. ಕೋಟಿನ ಬಟ್ಟೆಯ ಎರಡು ಸುರುಳಿಗಳು ಹನ್ನೊಂದು. ಹಳೆಯ ಕತ್ತರಿಗಳ ಚೀಲ ಎಷ್ಟೋ ಗೊತ್ತಿಲ್ಲ, ಸಾಕಷ್ಟಿತ್ತು. ಎಲ್ಲವನ್ನೂ ತೊಡೆಯ ಮೇಲೆ ಹೇರಿಸಿಕೊಂಡು, ಗಲ್ಲವನ್ನು ಸುರುಳಿಯ ಮೇಲಿಟ್ಟು ಕೂತೆ. ಅತ್ತೆ ಮೆಟ್ಟಿಲ ತಲೆಯಲ್ಲಿ ಸ್ಟೂಲು ಹಾಕಿಕೊಂಡು, ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಗೆರೆ ಎಳೆಯುತ್ತ ಹೋದರು. ಕಾರ್ಖಾನೆಯ ಲೆಕ್ಕ ಹನ್ನೆರಡು ಎಂದು ಅವರಿಗೆ ಹೇಳಿದ್ದು ನಾನೇ, ಯಾವಾಗಲೋ, ನಗಿಸಲು. ಏಳನೇ ಸಲದ ಹೊತ್ತಿಗೆ ನನ್ನ ಕಾಲು ಜೋಮು ಹಿಡಿದಿತ್ತು. ಹನ್ನೆರಡನೇ ಗೆರೆ ಎಳೆದು ಅವರು ಸೀಮೆಸುಣ್ಣ ಕೆಳಗಿಟ್ಟರು. ಹೋಗಿ ಯಂತ್ರದ ಮುಂದೆ ಕೂತರು.

ಕಹಳೆಯವನು ನಾಲ್ಕಕ್ಕೆ ಬಂದ. ದಪ್ಪಗಿನ, ಕೆನ್ನೆ ಉಬ್ಬಿದ ಮನುಷ್ಯ. ಮೆಟ್ಟಿಲು ಹತ್ತುವಾಗ ಕುರ್ಚಿಯನ್ನು ನೋಡಿ, "ಇದರಲ್ಲಿ ನಾನು ಕೂತ್ರೆ ಹೋಗತ್ತಾ?" ಎಂದು ಕೇಳಿದ.

"ಅವಳನ್ನ ಕೇಳಿ" ಎಂದರು ಅತ್ತೆ ಒಳಗಿನಿಂದ. "ಬೆಳಿಗ್ಗೆಯಿಂದ ಅದರ ಮೇಲೇ ಇದಾಳೆ."

ಕೋಟು ತೊಟ್ಟು ಅವನು ಇಲ್ಲದ ಕಹಳೆಯನ್ನು ಬಾಯಿಗೆ ಹಿಡಿದ. ಭುಜ ಎಳೆಯುತ್ತದೆಯೇ ಎಂದು ಅತ್ತೆ ಹಿಂದಿನಿಂದ ನೋಡಿದರು. ಕೈ ಎತ್ತಿ ಎಂದರು, ಇಳಿಸಿ ಎಂದರು, ಮತ್ತೆ ಎತ್ತಿ ಎಂದರು. ಒಂದು ಕೈಯಲ್ಲಿ ಭುಜದ ಬಟ್ಟೆ ಹಿಡಿದುಕೊಂಡು ಇನ್ನೊಂದರಲ್ಲಿ ಬಿಳಿ ದಾರವನ್ನು ಒಂದೊಂದೇ ಕತ್ತರಿಸಿ ಎಳೆದರು. ಮೂರನೆಯ ಕಡೆ ನಿಲ್ಲಿಸಿದರು. "ಇದು ಇರಲಿ. ಕಾಣಲ್ಲ. ಒಂದು ವಾರ ಊದಿದ್ಮೇಲೆ ಬನ್ನಿ, ಆಗ ತೆಗೀತೀನಿ" ಎಂದರು. ನನ್ನ ಕಡೆ ನೋಡಲಿಲ್ಲ.

ಅವನು ಹೋದ ಮೇಲೆ ಐದೂವರೆ. ಅತ್ತೆ ಯಂತ್ರಕ್ಕೆ ಹೊದಿಕೆ ಹಾಕಿ, ಕಿಟಕಿ ಮುಚ್ಚಿ, ಕೋಲೂರಿ ಮೆಟ್ಟಿಲ ತಲೆಗೆ ಬಂದು ನಿಂತರು. ರೂಮಿನ ಬಾಗಿಲ ಬೀಗದ ಕೈ ಅವರ ಸೊಂಟದಲ್ಲೇ ಇತ್ತು. ನಾನು ಅದನ್ನೇ ನೋಡುತ್ತಿದ್ದೆ.

"ನೀನು ಮುಂದೆ ಇಳಿ" ಎಂದರು. "ಒಂದು ಮೆಟ್ಟಿಲು ಕೆಳಗೆ. ಆ ಹಿಡಿಕೆ ಕೈಯಲ್ಲಿರಲಿ."

ನಾನು ಹಿಡಿಕೆ ಹಿಡಿದು ಮುಂದೆ ನಡೆದೆ. ಅತ್ತೆ ಕೂತು, ಬೆಲ್ಟು ಕಟ್ಟಿಕೊಂಡು, ಗುಂಡಿ ಒತ್ತಿದರು. ಒಂಬತ್ತನೇ ಮೆಟ್ಟಿಲಲ್ಲಿ ಕಟಕ್. ಅವರ ಕೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿತ್ತು. ಐದನೆಯದರಲ್ಲಿ ಕಟಕ್. ಕೆಳಗೆ ಬಂದು ನಿಂತಿತು, ಹಸಿರು ದೀಪ ಹತ್ತಿತು. ಅವರು ತಕ್ಷಣ ಏಳಲಿಲ್ಲ.

"ಅದು ಎಲ್ಲಿತ್ತು, ಹಿಡಿಕೆ?"

"ಅಟ್ಟದ ಮೇಲೆ. ಪೆಟ್ಟಿಗೇಲಿ."

"ಇಪ್ಪತ್ತು ನಿಮಿಷ ನೇತಾಡ್ತಾ ಕೂತಿದ್ದೆ ನಾನು."

"ಇನ್ಮೇಲೆ ಬೇಕಾಗಲ್ಲ ಅತ್ತೆ."

"ಬೇಕಾಗದೇ ಇರಲಿ. ಅಳತೆ ತಗೋ ಅದರದ್ದು." ಕುತ್ತಿಗೆಯಿಂದ ಟೇಪು ತೆಗೆದು ಕೊಟ್ಟರು. "ಉದ್ದ, ಸೊಟ್ಟ ಇರೋ ಕಡೆ ಅಗಲ. ನಾಳೆ ನಾಡಿದ್ದರಲ್ಲಿ ಹೊಲೀತೀನಿ."

ಸೋಮವಾರ ಹೊಸ ಫಾರಂ ತುಂಬಿದೆ. ಬದಲಾವಣೆ: ಇದೆ. ಪರೀಕ್ಷಕರು ಗೋದಾಮಿನಲ್ಲಿ ಮೂರು ತುಂಡಿನ ಕಂಬಿ ಜೋಡಿಸುತ್ತ, ಅರ್ಧ ದಿನ ಹಾಳು ಮಾಡಿದೆ ಎಂದು ಬೈದರು. ಎರಡು ಸಾಲುಗಳನ್ನು ಮೊದಲಿನಂತೆ ಎರಡಾಗಿಸಿದೆ. ನಡುವೆ ವೇರಿಯಬಲ್ಲಿನ ಹೆಸರಿನ ಹಿಂದೆ ವಾಯ್ಡ್ ಎಂದು ಬರೆದೆ. ಪಕ್ಕದಲ್ಲಿ, ಓದಿದರೆ ಮಾತ್ರ ಚಿಪ್ಪು ಕೈ ಇಳಿಸುತ್ತದೆ, ತೆಗೆಯಬೇಡಿ ಎಂದು ಒಂದು ಮಾತು. ಉಳಿದ ಹನ್ನೆರಡು ಕಡೆಯೂ ಕೇಳುವುದನ್ನು ಮ್ಯಾಕ್ರೋದಿಂದ ಹೊರಗೆ ತಂದೆ. ಸೊನ್ನೆ ಸರ್ ಹಿಂದೆ ನಿಂತು ನೋಡಿದರು. ಅವರ ತಲೆಯ ಎಡಗಡೆ ಕೂದಲು ಬಲಗಡೆಗಿಂತ ಸ್ವಲ್ಪ ಉದ್ದವಿತ್ತು.

ಸಂಜೆ ಮನೆಗೆ ಬಂದಾಗ ಅತ್ತೆ ಮೇ‌ಲಿದ್ದರು. ಯಂತ್ರದ ಸದ್ದು ಬರುತ್ತಿತ್ತು. ಕುರ್ಚಿ ಮೆಟ್ಟಿಲ ತಲೆಯಲ್ಲಿ ನಿಂತಿತ್ತು. ಅದರ ಬಲತೋಳಿಗೆ, ಕೂತವರ ಕೈಗೆಟುಕುವ ಹಾಗೆ, ಒಂದು ಉದ್ದನೆಯ ಚೀಲ ತೂಗುತ್ತಿತ್ತು. ಕೋಟಿನದೇ ಕಪ್ಪು ಬಟ್ಟೆ, ಒಳಗೆ ಲೈನಿಂಗ್, ಬಾಯಿಗೆ ಮುಚ್ಚಳ, ಮುಚ್ಚಳಕ್ಕೊಂದು ಹಿತ್ತಾಳೆಯ ಗುಂಡಿ. ಒಳಗೆ ಕೈ ಹಾಕಿ ನೋಡಿದೆ. ಹಿಡಿಕೆ ಇತ್ತು. ಗುಂಡಿ ಹಾಕಿದೆ.

"ಸರಿಯಾಗಿ ಹಾಕಿದ್ಯಾ?" ಎಂದರು ಅತ್ತೆ ಒಳಗಿನಿಂದ.